ಬ್ಯಾಟರಿ ಬದಲಿಸುವ ಮೊದಲು

ಕಾರು ಸ್ಟಾರ್ಟ್ ಆಗಲಿಲ್ಲ ಎಂದರೆ ನಮ್ಮಲ್ಲಿ ತೀರ್ಪು ಮೊದಲೇ ಸಿದ್ಧವಾಗಿರುತ್ತದೆ: ಬ್ಯಾಟರಿ ಹೋಗಿದೆ. ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿ ಸಾಲಿನೆದುರು ನಿಂತ ಕಾರಿಗೂ ಅದೇ ಮಾತು, ಗುಬ್ಬಿಯ ಗೋಸಲ ಚನ್ನಬಸವೇಶ್ವರ ದೇವಸ್ಥಾನದ ಬಳಿ ನಿಂತದ್ದಕ್ಕೂ ಅದೇ ಮಾತು, ಕುಣಿಗಲ್ ಕೆರೆ ಏರಿಯ ಮೇಲೆ ಕೈಕೊಟ್ಟದ್ದಕ್ಕೂ ಅದೇ. ನೆರೆದ ನಾಲ್ವರಲ್ಲಿ ಮೂವರು ಬ್ಯಾಟರಿಯನ್ನು ದೂರುತ್ತಾರೆ, ನಾಲ್ಕನೆಯವರು ತಳ್ಳಲು ಹಿಂದೆ ಹೋಗುತ್ತಾರೆ. ಈ ಊಹೆ ಬಹಳ ಸಲ ನಿಜವೇ ಆಗಿರುತ್ತದೆ. ನಿಂತ ಕಾರುಗಳಲ್ಲಿ ಹೆಚ್ಚಿನವಕ್ಕೆ ಬ್ಯಾಟರಿಯೇ ಕಾರಣ. ಆದರೆ ಊಹೆ ತಪ್ಪಿದಾಗ ಸಾವಿರಾರು ರೂಪಾಯಿ ಕೊಟ್ಟು ಹಾಕಿಸಿದ ಹೊಸ ಬ್ಯಾಟರಿ ಇದ್ದೂ ಕಾರು ಮತ್ತೆ ನಿಲ್ಲುತ್ತದೆ, ಆಗ ಬೈಗುಳ ಬ್ಯಾಟರಿ ಅಂಗಡಿಯವನಿಗೆ. ಸ್ಟಾರ್ಟರ್ ಮೋಟಾರ್, ಅಂದರೆ ಗ್ಯಾರೇಜಿನಲ್ಲಿ ಎಲ್ಲರೂ ಸೆಲ್ಫ್ ಎನ್ನುವ ಭಾಗ, ಹೇಳದೆ ಕೇಳದೆ ಸಾಯುವುದು ಅಪರೂಪ. ಸಾಮಾನ್ಯವಾಗಿ ಅದು ವಾರಗಟ್ಟಲೆ ಮೊದಲೇ ಸೂಚನೆ ಕೊಡುತ್ತದೆ, ಆ ಸೂಚನೆಗಳು ಬ್ಯಾಟರಿಯ ಸೂಚನೆಗಳಿಗಿಂತ ಬೇರೆಯಾಗಿರುತ್ತವೆ. ಅವನ್ನು ಬೇರ್ಪಡಿಸಿ ನೋಡಲು ಮೆಕ್ಯಾನಿಕ್ ಆಗಿರಬೇಕಿಲ್ಲ. ಕಿವಿ ಇರಬೇಕು, ಕಾರಿನೊಳಗೆ ಒಂದು ದೀಪ ಉರಿಯುತ್ತಿರಬೇಕು.

ಸೆಲ್ಫ್ ಯಾಕೆ ಕೆಡುತ್ತದೆ ಎಂದು ತಿಳಿಯಬೇಕಾದರೆ ಅದನ್ನು ಯಾವ ಕೆಲಸಕ್ಕೆ ಮಾಡಿದ್ದು ಎಂಬುದನ್ನು ನೋಡಬೇಕು. ಮೊದಲ ಕಾಲದ ಕಾರುಗಳನ್ನು ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಆ ಹ್ಯಾಂಡಲನ್ನು ಬಿಡಿಸಿದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅವರ ಸ್ಟಾರ್ಟರ್ 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಫೋರ್ಡ್ ಕಂಪನಿಯ ಜನಪ್ರಿಯ ಮಾಡೆಲ್ ಟಿಗೆ ಅದು ಸಿಕ್ಕಿದ್ದು 1919ರಲ್ಲಿ. ಕೆಟರಿಂಗ್ ಅದಕ್ಕೂ ಮೊದಲು ಅಂಗಡಿಗಳ ನಗದು ಪೆಟ್ಟಿಗೆಯನ್ನು ವಿದ್ಯುತ್ತಿನಿಂದ ನಡೆಸುವ ಯಂತ್ರದ ಮೇಲೆ ಕೆಲಸ ಮಾಡಿದ್ದರು. ಕ್ಷಣ ಹೊತ್ತು ಮಾತ್ರ ತಿರುಗುವ ಮೋಟಾರಿನ ಮೇಲೆ ಅದರ ಅಳತೆಗೆ ಮೀರಿದ ಭಾರ ಹೇರಬಹುದು, ಆಮೇಲೆ ಅದಕ್ಕೆ ತಣಿಯಲು ಬಿಡುವು ಸಿಕ್ಕರೆ ಸಾಕು ಎಂಬುದು ಅಲ್ಲಿ ಕಂಡ ಪಾಠ. ಇಂದಿನ ಸೆಲ್ಫ್ ಕೂಡ ಇದೇ ಲೆಕ್ಕದಲ್ಲಿ ತಯಾರಾಗುತ್ತದೆ. ಸಣ್ಣ ಪೆಟ್ರೋಲ್ ಕಾರಿನಲ್ಲಿ ಅದರ ಸಾಮರ್ಥ್ಯ ಸುಮಾರು ಒಂದು ಕಿಲೋವಾಟ್; ಕೀ ತಿರುಗಿಸಿದ ಆ ಒಂದೆರಡು ಸೆಕೆಂಡು ಅದು 12 ವೋಲ್ಟಿನ ಬ್ಯಾಟರಿಯಿಂದ 100ರಿಂದ 200 ಆಂಪಿಯರ್ ಎಳೆಯುತ್ತದೆ. ಗಾಳಿಯನ್ನು ಇನ್ನೂ ಬಿಗಿಯಾಗಿ ಒತ್ತುವ ಡೀಸೆಲ್ ಎಂಜಿನ್ನಿಗೆ ಇನ್ನೂ ಹೆಚ್ಚು ಬೇಕು. ಅಷ್ಟು ಕರೆಂಟು ಹತ್ತಾರು ಸೆಕೆಂಡು ಹರಿದರೆ ಒಳಗಿನ ಸುರುಳಿ ಸುಡುತ್ತದೆ. ಗುಬ್ಬಿ ಕಡೆಯ ತೆಂಗು ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ: ಕರೆಂಟು ಸೊರಗಿದಾಗ ಪಂಪ್‌ಸೆಟ್ಟಿನ ಮೋಟಾರ್ ತಿರುಗಲಾರದೆ ಗುಂಯ್‌ಗುಟ್ಟುತ್ತ ಸುಟ್ಟುಹೋಗುವುದನ್ನು ಅವರು ಕಂಡಿದ್ದಾರೆ. ಎರಡು ಮೋಟಾರ್‌ಗಳ ಜಾತಿ ಬೇರೆ, ಆದರೆ ತಿರುಗಲಾಗದ ಮೋಟಾರಿಗೆ ಹೋದ ಕರೆಂಟು ಬರೀ ಬಿಸಿಯಾಗುತ್ತದೆ ಎಂಬುದು ಎರಡಕ್ಕೂ ಒಂದೇ.

ಕೀ ತಿರುಗಿಸಿದಾಗ ನಡೆಯುವುದು ಒಂದಲ್ಲ, ಮೂರು ಕೆಲಸ. ಮೊದಲು ಸೊಲೆನಾಯ್ಡ್ ಎಂಬ ವಿದ್ಯುತ್ ಅಯಸ್ಕಾಂತ ಒಂದು ಪುಟ್ಟ ಹಲ್ಲುಗಾಲಿಯನ್ನು ಮುಂದಕ್ಕೆ ತಳ್ಳಿ ಎಂಜಿನ್ನಿನ ಫ್ಲೈವೀಲ್ ಹಲ್ಲಿಗೆ ಕಚ್ಚಿಸುತ್ತದೆ. ಅದೇ ಚಲನೆಯಲ್ಲಿ ಎರಡು ದಪ್ಪ ತಾಮ್ರದ ತುಂಡುಗಳನ್ನು ಕೂಡಿಸಿ ಮೋಟಾರಿಗೆ ಕರೆಂಟು ಬಿಡುತ್ತದೆ. ಮೂರನೆಯದಾಗಿ ಮೋಟಾರ್ ತಿರುಗುತ್ತದೆ. ಕರೆಂಟು ಅದರ ಒಳಕ್ಕೆ ಹೋಗುವುದು ಸ್ಪ್ರಿಂಗ್ ಒತ್ತಿ ಹಿಡಿದ ಕಾರ್ಬನ್ ತುಂಡುಗಳ ಮೂಲಕ. ಎಂಜಿನ್ ಹಿಡಿದುಕೊಂಡ ಮೇಲೆ ಅದರ ವೇಗ ಮೋಟಾರಿಗೆ ತಗುಲದಂತೆ, ಆ ಹಲ್ಲುಗಾಲಿಯನ್ನು ಹೊತ್ತ ಬೆಂಡಿಕ್ಸ್ ಎಂಬ ಭಾಗದಲ್ಲಿರುವ ಒಮ್ಮುಖ ಕ್ಲಚ್ ಜಾರಿಕೊಳ್ಳುತ್ತದೆ. ಇವುಗಳಲ್ಲಿ ಯಾವುದು ಸವೆದಿದೆ ಎಂಬುದರ ಮೇಲೆ ಸದ್ದು ಬದಲಾಗುತ್ತದೆ. ಸೆಲ್ಫಿನ ಕಾಯಿಲೆಯನ್ನು ಕಿವಿಯಿಂದ ಗುರುತಿಸಬಹುದು ಎಂಬ ಮಾತಿಗೆ ಆಧಾರ ಇದು.

ಕೀ ತಿರುಗಿಸಿದೊಡನೆ ಟಕಟಕಟಕ ಎಂದು ಬಿಡದೆ ಬಡಿದುಕೊಂಡರೆ ಸೊಲೆನಾಯ್ಡ್ ಪಾಪ ತನ್ನ ಕೆಲಸ ಮಾಡಲು ಹೆಣಗುತ್ತಿದೆ ಎಂದರ್ಥ. ಅದು ಮುಂದಕ್ಕೆ ಹೋಗುತ್ತದೆ, ಮೋಟಾರಿಗೆ ಕರೆಂಟು ಬಿಟ್ಟೊಡನೆ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ, ಅಯಸ್ಕಾಂತಕ್ಕೆ ಬಲ ಸಾಲದೆ ಹಿಂದಕ್ಕೆ ಬರುತ್ತದೆ, ಭಾರ ಇಳಿದೊಡನೆ ವೋಲ್ಟೇಜ್ ಏರಿ ಮತ್ತೆ ಮುಂದಕ್ಕೆ. ಇಲ್ಲಿ ದೂರುವುದಾದರೆ ಬ್ಯಾಟರಿಯನ್ನೋ ಅದರ ಟರ್ಮಿನಲ್ ಮೇಲೆ ಕೂತ ಬಿಳಿ-ಹಸಿರು ಕಿಲುಬನ್ನೋ ದೂರಬೇಕು. ಒಂದೇ ಒಂದು ಸಲ ಟಕ್ ಎಂದು ಸುಮ್ಮನಾದರೆ ಕಥೆ ಬೇರೆ: ಅಯಸ್ಕಾಂತ ಎಳೆದು ಹಿಡಿದಿದೆ, ಆದರೆ ಕರೆಂಟು ಮುಂದೆ ಹೋಗುತ್ತಿಲ್ಲ. ತಾಮ್ರದ ತುಂಡುಗಳು ಸುಟ್ಟು ಗುಳಿ ಬಿದ್ದಿರಬಹುದು, ಕಾರ್ಬನ್ ಸವೆದು ಸ್ಪ್ರಿಂಗಿಗೆ ಒತ್ತಲು ಏನೂ ಉಳಿದಿರಲಿಕ್ಕಿಲ್ಲ. ಮೋಟಾರ್ ಸುಯ್ಯೆಂದು ಹಗುರಾಗಿ ತಿರುಗಿ ಎಂಜಿನ್ ಅಲ್ಲಾಡದೇ ಇದ್ದರೆ ಬೆಂಡಿಕ್ಸ್ ಜಾರುತ್ತಿದೆ. ಕರಕರ ಎಂದು ಲೋಹ ಲೋಹಕ್ಕೆ ಉಜ್ಜಿದರೆ ಹಲ್ಲು ಸರಿಯಾಗಿ ಕಚ್ಚುತ್ತಿಲ್ಲ. ಇದನ್ನು ಅಲಕ್ಷಿಸಿದರೆ ಫ್ಲೈವೀಲಿನ ಹಲ್ಲೇ ಹೋಗುತ್ತದೆ, ಆಗ ಗೇರ್‌ಬಾಕ್ಸ್ ಇಳಿಸದೆ ರಿಪೇರಿ ಇಲ್ಲ. ಕೀ ಬಿಟ್ಟ ಮೇಲೂ ಸೆಲ್ಫ್ ಕಿರುಚುತ್ತಲೇ ಇದ್ದರೆ ತಾಮ್ರದ ತುಂಡುಗಳು ಒಂದಕ್ಕೊಂದು ಬೆಸೆದುಕೊಂಡಿರಬಹುದು. ಇದೊಂದು ಮಾತ್ರ ತುರ್ತು: ಎಂಜಿನ್ ಆಫ್ ಮಾಡಿ ಬ್ಯಾಟರಿಯ ನೆಗೆಟಿವ್ ವೈರನ್ನು ಕೂಡಲೇ ಬಿಚ್ಚಬೇಕು, ಇಲ್ಲದಿದ್ದರೆ ವೈರಿಂಗ್ ಹೊತ್ತಿಕೊಳ್ಳುವ ಅಪಾಯವಿದೆ. ಇನ್ನು ಎಂಜಿನ್ ಎಂದಿನ ಚುರುಕಿನಲ್ಲೇ ತಿರುಗುತ್ತಿದ್ದು ಹಿಡಿದುಕೊಳ್ಳುತ್ತಿಲ್ಲ ಎಂದಾದರೆ ಸೆಲ್ಫ್, ಬ್ಯಾಟರಿ ಎರಡೂ ನಿರಪರಾಧಿಗಳು. ಪೆಟ್ರೋಲ್ ಬರುತ್ತಿದೆಯೇ, ಕಿಡಿ ಹಾರುತ್ತಿದೆಯೇ, ಕೀಯ ಗುರುತಿನ ದೀಪ ಮಿನುಗುತ್ತಿದೆಯೇ ಎಂದು ನೋಡಬೇಕು.

ಸದ್ದಿನ ಜೊತೆ ದೀಪದ ಸಾಕ್ಷಿಯೂ ಬೇಕು. ಒಳಗಿನ ದೀಪ ಹಾಕಿ ಕೀ ತಿರುಗಿಸಿ. ಹೆಡ್‌ಲೈಟ್ ಬೇಡ, ಯಾಕೆಂದರೆ ಈಗಿನ ಹಲವು ಕಾರುಗಳು ಸ್ಟಾರ್ಟ್ ಮಾಡುವಾಗ ಅದನ್ನು ತಾವೇ ಆರಿಸಿಬಿಡುತ್ತವೆ. ದೀಪ ಕೆಂಪಗಾಗಿ ಸತ್ತಂತಾದರೆ ಬ್ಯಾಟರಿಯಲ್ಲಿ ಬಲವಿಲ್ಲ. ದೀಪ ಕದಲದೆ ಉರಿಯುತ್ತ ಕಾರು ಮಾತ್ರ ಟಕ್ ಎಂದು ಸುಮ್ಮನಾದರೆ ಬ್ಯಾಟರಿಯಿಂದ ದೊಡ್ಡ ಕರೆಂಟು ಹೊರಟೇ ಇಲ್ಲ, ತಡೆ ಇರುವುದು ಸೆಲ್ಫಿನಲ್ಲಿ ಅಥವಾ ಅದರ ದಾರಿಯಲ್ಲಿ. ಮೂರನೆಯ ಸಾಧ್ಯತೆಯೂ ಇದೆ: ಬ್ಯಾಟರಿ ಚೆನ್ನಾಗಿದ್ದೂ ದೀಪ ತೀರಾ ಮಂಕಾಗಿ ಎಂಜಿನ್ ತುಸುವೂ ಅಲ್ಲಾಡದಿದ್ದರೆ ಮೋಟಾರ್ ಕರೆಂಟು ಎಳೆಯುತ್ತಿದೆ, ತಿರುಗಲಾಗುತ್ತಿಲ್ಲ. ಮೋಟಾರಿನ ಅಚ್ಚನ್ನು ಹಿಡಿದಿಡುವ ಬುಷ್ ಸವೆದು, ಒಳಗೆ ತಿರುಗುವ ಆರ್ಮೇಚರ್ ಗೋಡೆಗೆ ಒರಗಿರಬಹುದು, ಎಂಜಿನ್ನೇ ಹಿಡಿದುಕೊಂಡಿರಲೂಬಹುದು. ಸ್ವಲ್ಪ ಖರ್ಚು ಮಾಡಿ ಮಲ್ಟಿಮೀಟರ್ ಕೊಂಡರೆ ಊಹೆಯ ಜಾಗದಲ್ಲಿ ಅಂಕಿ ಬರುತ್ತದೆ. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12ಕ್ಕೆ ಇಳಿದಿದ್ದರೆ ಬಹುಪಾಲು ಖಾಲಿ. ಸೆಲ್ಫ್ ಎಂಜಿನ್ನನ್ನು ತಿರುಗಿಸುತ್ತಿರುವಾಗಲೂ ಅದು 9.6ಕ್ಕಿಂತ ಕೆಳಗೆ ಹೋಗಬಾರದು. ಬ್ಯಾಟರಿಯ ಪಾಸಿಟಿವ್ ಮೊಳೆಗೂ ಸೆಲ್ಫಿನ ದಪ್ಪ ಟರ್ಮಿನಲ್ಲಿಗೂ ನಡುವೆ ಆ ಹೊತ್ತಿನಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಕಳ್ಳ ಕೂತಿರುವುದು ವೈರಿನಲ್ಲಿ. ಅರ್ಥಿಂಗ್ ವೈರ್ ಬಾಡಿಗೆ ಕೂಡುವ ಬೋಲ್ಟ್ ತುಕ್ಕು ಹಿಡಿದು ಒಳ್ಳೆಯ ಬ್ಯಾಟರಿಗೂ ಒಳ್ಳೆಯ ಸೆಲ್ಫಿಗೂ ಕೆಟ್ಟ ಹೆಸರು ತಂದಿರುವುದು ಸಾಮಾನ್ಯ ಸಂಗತಿ, ಅದಕ್ಕೆ ಬೇಕಾದ ಔಷಧ ಉಪ್ಪುಕಾಗದ ಅಷ್ಟೇ.

ಇಲ್ಲಿ ಒಂದು ಆಕ್ಷೇಪ ಸಹಜ. ಹೆಚ್ಚಿನ ಸಲ ತಪ್ಪು ಬ್ಯಾಟರಿಯದೇ ಆಗಿದ್ದರೆ ಮೊದಲು ಅದನ್ನೇ ಬದಲಿಸುವುದರಲ್ಲಿ ತಪ್ಪೇನು? ನಾಲ್ಕು ವರ್ಷ ಹಳೆಯ ಬ್ಯಾಟರಿಯಾದರೆ ತಪ್ಪೇನೂ ಇಲ್ಲ, ಅದು ಹೇಗೂ ಹೋಗುವುದೇ. ಆದರೆ ಸಂಭವದ ಲೆಕ್ಕ ಹಾಕಬೇಕಾದದ್ದು ಪರೀಕ್ಷೆ ದುಬಾರಿಯಾದಾಗ. ದೀಪ ನೋಡುವುದಕ್ಕೆ ಕಾಸು ಬೇಕಿಲ್ಲ. ಇನ್ನೊಂದು ಕಾರಿನ ಬ್ಯಾಟರಿಯಿಂದ ಕೇಬಲ್ ಹಾಕಿ ನೋಡಿದರೆ ಇನ್ನೂ ಸ್ಪಷ್ಟ: ಎಂಜಿನ್ ಚುರುಕಾಗಿ ತಿರುಗಿದರೆ ಬ್ಯಾಟರಿ, ಹಳೆಯ ಟಕ್ ಅಷ್ಟೇ ಬಂದರೆ ಸೆಲ್ಫ್. ಇದಕ್ಕಿಂತ ಗಟ್ಟಿಯಾದ ಕಾರಣ ಮತ್ತೊಂದಿದೆ. ಎರಡೂ ಕಾಯಿಲೆಗಳು ಒಂದನ್ನೊಂದು ಬೆಳೆಸುತ್ತವೆ. ಸೊರಗಿದ ಬ್ಯಾಟರಿಯಲ್ಲಿ ಸೊಲೆನಾಯ್ಡ್ ಬಡಿದುಕೊಳ್ಳುವಾಗ ಪ್ರತಿ ಬಡಿತಕ್ಕೂ ತಾಮ್ರದ ತುಂಡುಗಳ ನಡುವೆ ಕಿಡಿ ಹಾರುತ್ತದೆ, ಗುಳಿ ಬೀಳುತ್ತದೆ. ಅತ್ತ ಬುಷ್ ಸವೆದ ಸೆಲ್ಫ್ ಪ್ರತಿ ಸಲವೂ ಹೆಚ್ಚು ಹೊತ್ತು ಹೆಚ್ಚು ಕರೆಂಟು ಎಳೆದು ಬ್ಯಾಟರಿಯನ್ನು ಬಸವಳಿಸುತ್ತದೆ. ಹಾಗಾಗಿ ಒಂದರಲ್ಲಿ ದೋಷ ಸಿಕ್ಕಿತೆಂದ ಮಾತ್ರಕ್ಕೆ ಇನ್ನೊಂದು ನಿರ್ದೋಷಿಯಾಗುವುದಿಲ್ಲ. ಹೊಸ ಬ್ಯಾಟರಿ ಹಾಕಿಸಿದ ಮೇಲೂ ಸೆಲ್ಫಿನ ದನಿ ಗೊಗ್ಗರಾಗಿಯೇ ಇದ್ದರೆ ಅಲ್ಲಿಗೇ ಬಿಡಬಾರದು.

'ಚಳಿಗೆ ಹೀಗಾಗುತ್ತೆ' ಎಂಬ ಸಮಾಧಾನವನ್ನೂ ತುಮಕೂರು ಜಿಲ್ಲೆಯಲ್ಲಿ ಸುಲಭವಾಗಿ ಒಪ್ಪಲಾಗದು. ಹಿಮ ಬೀಳುವ ದೇಶಗಳಲ್ಲಿ ಎಂಜಿನ್ ಆಯಿಲ್ ಗಟ್ಟಿಯಾಗಿ ಸೆಲ್ಫ್ ಏದುಸಿರು ಬಿಡುವುದು ನಿಜ. ನಮ್ಮ ಧನುರ್ಮಾಸದ ಮುಂಜಾವಿಗೆ ಆ ಶಕ್ತಿ ಇಲ್ಲ. ಆ ಚಳಿಗೇ ಸೆಲ್ಫ್ ಎಳೆದಾಡಿದರೆ ಅದು ಮೊದಲೇ ಸೋತಿದೆ ಎಂದು ತಿಳಿಯಬೇಕು. ನಮ್ಮ ಕಡೆ ಕಾಡುವುದು ಬಿಸಿ. ಬೆಂಗಳೂರಿನಿಂದ ಹೆದ್ದಾರಿಯಲ್ಲಿ ಬಂದು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿ ಇಪ್ಪತ್ತು ನಿಮಿಷದ ಮೇಲೆ ಹೊರಟರೆ ಸ್ಟಾರ್ಟ್ ಆಗದ ಕಾರು, ಸಂಜೆ ತಣ್ಣಗಾದ ಮೇಲೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತದೆ. ಓಡುವಾಗ ಬೀಸುತ್ತಿದ್ದ ಗಾಳಿ ನಿಂತಾಗ ಇಲ್ಲದಾಗಿ ಎಂಜಿನ್ನಿನ ಕಾವೆಲ್ಲ ಅದಕ್ಕೆ ಅಂಟಿಕೊಂಡಿರುವ ಸೆಲ್ಫಿಗೆ ಇಳಿಯುತ್ತದೆ. ತಾಮ್ರದ ತಂತಿ 60 ಡಿಗ್ರಿ ಹೆಚ್ಚು ಕಾದರೆ ಅದು ಕರೆಂಟಿಗೆ ಒಡ್ಡುವ ತಡೆ ಸುಮಾರು ಕಾಲುಭಾಗ ಏರುತ್ತದೆ. ಗಟ್ಟಿಮುಟ್ಟಾದ ಸೆಲ್ಫ್ ಅದನ್ನು ತಾಳಿಕೊಳ್ಳುತ್ತದೆ, ಕಾರ್ಬನ್ ಸವೆದದ್ದು ತಾಳಲಾರದು. ಬಿಸಿಯಲ್ಲಿ ಮುಷ್ಕರ, ತಣ್ಣಗಾದರೆ ರಾಜಿ: ಇದು ಬ್ಯಾಟರಿಗಿಂತ ಹೆಚ್ಚಾಗಿ ಸೆಲ್ಫಿನ ನಡತೆ. ಧೂಳೂ ಅದನ್ನು ತಿನ್ನುತ್ತದೆ. ಮಳೆಗಾಲದಲ್ಲಿ ರೈಲ್ವೆ ಅಂಡರ್‌ಪಾಸಿನ ನೀರಿಗೆ ಕಾರು ಇಳಿಸಿದರೆ ಹಲವು ಕಾರುಗಳಲ್ಲಿ ಎಂಜಿನ್ನಿನ ಕೆಳಬದಿಯಲ್ಲೇ ಕೂತಿರುವ ಸೆಲ್ಫ್ ಬೇಗ ಮುಳುಗುತ್ತದೆ. ನೀರಿನಲ್ಲಿ ನಿಂತುಹೋದ ಕಾರಿನ ಕೀಯನ್ನು ಮತ್ತೆ ತಿರುಗಿಸಲೇಬಾರದು. ಸಿಲಿಂಡರಿಗೆ ನೀರು ನುಗ್ಗಿದ್ದರೆ ಒತ್ತಲಾಗದ ಆ ನೀರಿನ ಎದುರು ಕನೆಕ್ಟಿಂಗ್ ರಾಡ್ ಬಾಗುತ್ತದೆ, ಆಗ ಸೆಲ್ಫಿನ ಖರ್ಚು ಏನೂ ಅಲ್ಲ ಎನಿಸುತ್ತದೆ.

ಕಾರಿನ ವಯಸ್ಸನ್ನು ನಾವು ಕಿಲೋಮೀಟರಿನಲ್ಲಿ ಎಣಿಸುತ್ತೇವೆ. ಸೆಲ್ಫಿಗೆ ಆ ಲೆಕ್ಕ ಸಲ್ಲದು, ಅದರ ಆಯುಸ್ಸು ಎಷ್ಟು ಸಲ ಕೀ ತಿರುಗಿತು ಎಂಬುದರಲ್ಲಿ ಇದೆ. ಕುಣಿಗಲ್ಲಿನಿಂದ 75ನೇ ಹೆದ್ದಾರಿ ಹಿಡಿದು ದಿನಾ ಬೆಂಗಳೂರಿಗೆ ಹೋಗಿಬರುವ ಕಾರು ವರ್ಷಕ್ಕೆ ಎಷ್ಟೋ ಸಾವಿರ ಕಿಲೋಮೀಟರ್ ಓಡಿದರೂ ಸೆಲ್ಫನ್ನು ಕೇಳುವುದು ದಿನಕ್ಕೆ ಎರಡೋ ಮೂರೋ ಸಲ. ತುಮಕೂರು ನಗರದೊಳಗೆ ಶಾಲೆ, ತರಕಾರಿ, ಬ್ಯಾಂಕು, ಮದುವೆ ಮನೆ ಎಂದು ಸುತ್ತುವ ಕಾರು ಕಡಿಮೆ ಓಡಿದ್ದರೂ ಸೆಲ್ಫ್ ಹಣ್ಣಾಗಿರುತ್ತದೆ. ಹಳೆಯ ಕಾರು ಕೊಳ್ಳುವವರು ಮೀಟರ್ ನೋಡಿ ಹಿಗ್ಗುವ ಮೊದಲು ಇದನ್ನು ನೆನೆಯಬೇಕು. ಹಾಗಾದರೆ ಮೇಲಿಂದ ಮೇಲೆ ಸ್ಟಾರ್ಟ್ ಮಾಡಿದರೆ ಬ್ಯಾಟರಿ ಇಳಿಯುವುದಿಲ್ಲವೇ ಎಂದರೆ, ಸೆಲ್ಫ್ ಸರಿಯಾಗಿದ್ದರೆ ಅಷ್ಟೇನೂ ಇಲ್ಲ. 150 ಆಂಪಿಯರ್ ಮೂರು ಸೆಕೆಂಡು ಹರಿದರೂ ಹೋದದ್ದನ್ನು ಆಲ್ಟರ್ನೇಟರ್ 10 ಆಂಪಿಯರ್ ದರದಲ್ಲಿ ಮುಕ್ಕಾಲು ನಿಮಿಷದಲ್ಲಿ ತುಂಬಿಕೊಡಬಲ್ಲದು. ಅದೇ ಪಾರ್ಕಿಂಗ್ ದೀಪ ಮರೆತು ಇಡೀ ರಾತ್ರಿ ಬಿಟ್ಟರೆ 2 ಆಂಪಿಯರಿನಂತೆ ಹತ್ತು ಗಂಟೆಗೆ 20 ಆಂಪಿಯರ್-ಗಂಟೆ ಸೋರುತ್ತದೆ. ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿಗೆ ಅದು ಅರ್ಧಕ್ಕಿಂತ ಹೆಚ್ಚು. ಸ್ಟಾರ್ಟ್ ಮಾಡುವುದರಲ್ಲೂ ಬ್ಯಾಟರಿಯನ್ನು ಹಿಂಡುವುದು ಸ್ಟಾರ್ಟ್‌ಗಳ ಸಂಖ್ಯೆಯಲ್ಲ, ಪ್ರತಿ ಸ್ಟಾರ್ಟಿನ ಉದ್ದ. ಮೊದಲು ಒಂದು ಸೆಕೆಂಡಿಗೆ ಹಿಡಿಯುತ್ತಿದ್ದ ಎಂಜಿನ್ ಈಗ ನಾಲ್ಕು ಸೆಕೆಂಡು ಎಳೆದಾಡುತ್ತಿದ್ದರೆ ಆ ಬದಲಾವಣೆಯನ್ನು ಮನೆಯವರೆಲ್ಲರಿಗಿಂತ ಮೊದಲು ದಿನಾ ಓಡಿಸುವವರ ಕಿವಿ ಗುರುತಿಸಬೇಕು. ಕಷ್ಟವೆಂದರೆ ಇದು ಮೆಲ್ಲಮೆಲ್ಲಗೆ ಬರುವುದರಿಂದ ಕಿವಿ ಒಗ್ಗಿಹೋಗುತ್ತದೆ. ಅಪರೂಪಕ್ಕೆ ಕಾರು ಹತ್ತಿದ ನೆಂಟರು 'ಇದೇನು ಹೀಗೆ ಕೂಗುತ್ತೆ' ಎಂದರೆ ಆ ಮಾತಿಗೆ ಬೆಲೆ ಕೊಡುವುದು ಒಳ್ಳೆಯದು.

ಸ್ಪ್ಯಾನರಿನಿಂದ ಎರಡು ಬಡಿದರೆ ಸ್ಟಾರ್ಟ್ ಆಗುತ್ತಲ್ಲ, ಇನ್ನೇನು ಚಿಂತೆ ಎನ್ನುವವರಿದ್ದಾರೆ. ಬಡಿದರೆ ಆಗುತ್ತದೆ ಎಂಬುದೇ ಸೆಲ್ಫ್ ಕೆಟ್ಟಿದೆ ಎಂಬುದಕ್ಕೆ ಪುರಾವೆ. ಪೆಟ್ಟಿಗೆ ಗಿಡ್ಡ ಕಾರ್ಬನ್ ಕ್ಷಣಕಾಲ ತಾನು ಮುಟ್ಟಬೇಕಾದ ತಾಮ್ರವನ್ನು ಮುಟ್ಟುತ್ತದೆ. ಒಮ್ಮೆ ಮನೆ ಅಥವಾ ಗ್ಯಾರೇಜು ಸೇರಲು ಅದು ಸಾಕು. ದಿನವೂ ಅದನ್ನೇ ನೆಚ್ಚಿಕೊಂಡರೆ ಕಾರ್ಬನ್ ಬದಲು ಅದರ ಹಿಡಿಕೆ ಕಮ್ಯುಟೇಟರ್ ಎಂಬ ಆ ತಾಮ್ರದ ಭಾಗವನ್ನು ಕೆರೆಯತೊಡಗುತ್ತದೆ, ನೂರರ ಲೆಕ್ಕದ ರಿಪೇರಿ ಸಾವಿರದ ಲೆಕ್ಕಕ್ಕೆ ಹೋಗುತ್ತದೆ. ತಳ್ಳುವ ಪರಿಹಾರಕ್ಕೂ ಈಗ ಮೊದಲಿನ ಬೆಲೆ ಇಲ್ಲ. ಆಟೋಮ್ಯಾಟಿಕ್ ಕಾರು ತಳ್ಳಿದರೆ ಸ್ಟಾರ್ಟ್ ಆಗುವುದೇ ಇಲ್ಲ, ಬ್ಯಾಟರಿ ಪೂರ್ತಿ ಸತ್ತಿದ್ದರೆ ಎಂಜಿನ್ನಿನ ಕಂಪ್ಯೂಟರ್ ಎಚ್ಚರಗೊಳ್ಳುವುದಿಲ್ಲ, ಎಂಜಿನ್ ಹಿಡಿಯುವವರೆಗೆ ಬ್ರೇಕು ಸ್ಟೀರಿಂಗು ಎರಡೂ ಭಾರ. ನಿಜಕ್ಕೂ ಹೆದರಬೇಕಾದದ್ದು ಸ್ಕ್ರೂಡ್ರೈವರ್ ಇಟ್ಟು ಸೊಲೆನಾಯ್ಡನ್ನು ಶಾರ್ಟ್ ಮಾಡುವ ಕೈಚಳಕಕ್ಕೆ. ಟ್ರ್ಯಾಕ್ಟರ್‌ಗಳಲ್ಲಿ ಇದು ಹೆಚ್ಚು. ನೆಲದ ಮೇಲೆ ನಿಂತು ಹಾಗೆ ಮಾಡುವಾಗ ಗಾಡಿ ಗೇರಿನಲ್ಲಿ ಇದ್ದುಬಿಟ್ಟರೆ ಎಂಜಿನ್ ಹಿಡಿದೊಡನೆ ಅದು ಎದುರಿನವರ ಮೇಲೆಯೇ ಹರಿಯುತ್ತದೆ.

ಬಟನ್ ಒತ್ತಿ ಸ್ಟಾರ್ಟ್ ಮಾಡುವ ಹೊಸ ಕಾರುಗಳಿಗೆ ಈ ಮಾತೆಲ್ಲ ಅನ್ವಯಿಸುವುದೇ ಎಂಬ ಪ್ರಶ್ನೆಗೆ ಅರ್ಧ ಹೌದು ಎನ್ನಬೇಕು. ಕ್ಲಚ್ ಅಥವಾ ಬ್ರೇಕ್ ಪೂರ್ತಿ ಒತ್ತದಿದ್ದರೆ, ಆಟೋಮ್ಯಾಟಿಕ್ ಲಿವರ್ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೆ ಅವು ಸೆಲ್ಫಿಗೆ ಅಪ್ಪಣೆಯನ್ನೇ ಕೊಡುವುದಿಲ್ಲ. ಆದ್ದರಿಂದ ಯಾವ ಸದ್ದೂ ಇಲ್ಲದ ಮೌನವನ್ನು ಕೂಡಲೇ ಸೆಲ್ಫಿನ ಮೇಲೆ ಹೊರಿಸಬಾರದು. ಮಾರುತಿ 2015ರಲ್ಲಿ ಸಿಯಾಜ್ ಮೂಲಕ ತಂದ ಹೈಬ್ರಿಡ್ ಏರ್ಪಾಡಿನಲ್ಲಿ ಸಿಗ್ನಲ್ ಬಳಿ ನಿಂತ ಎಂಜಿನ್ನನ್ನು ಬೆಲ್ಟಿನಿಂದ ತಿರುಗುವ ಇನ್ನೊಂದು ಯಂತ್ರ ಎಬ್ಬಿಸುತ್ತದೆ. ಪೂರ್ತಿ ವಿದ್ಯುತ್ ಕಾರಿಗಂತೂ ಸೆಲ್ಫೇ ಇಲ್ಲ. ಆದರೂ ಈ ಜಿಲ್ಲೆಯ ರಸ್ತೆಗಳಲ್ಲಿ ಓಡುವ ಬೊಲೆರೊ, ಆಲ್ಟೊ, ಸ್ವಿಫ್ಟ್, ಇನ್ನೋವಾಗಳ ಸಂಸಾರದಲ್ಲಿ ಹಳೆಯ ಕ್ರಮವೇ ಇನ್ನೂ ನಡೆಯುತ್ತಿದೆ.

ಇದೆಲ್ಲ ಮೆಕ್ಯಾನಿಕ್ ನೋಡಿಕೊಳ್ಳಬೇಕಾದ ವಿಷಯ, ಓಡಿಸುವವರಿಗೆ ಯಾಕೆ ಎಂಬುದು ಕೊನೆಯ ಆಕ್ಷೇಪ. ಸೆಲ್ಫ್ ಬಿಚ್ಚುವುದು ಖಂಡಿತ ಅವರ ಕೆಲಸ. ಆದರೆ ಗ್ಯಾರೇಜಿಗೆ ಹೋದ ಹೊತ್ತಿಗೆ ಸರಿಯಾಗಿ ಸ್ಟಾರ್ಟ್ ಆಗಿ ಮಾನ ಕಳೆಯುವ ಕಾಯಿಲೆ ಇದು. ಅಲ್ಲಿ 'ಸ್ಟಾರ್ಟ್ ಆಗ್ತಿಲ್ಲ' ಎಂದರೆ ಆಟೋ ಎಲೆಕ್ಟ್ರಿಷಿಯನ್ ಎಲ್ಲಿಂದ ಬೇಕಾದರೂ ಹುಡುಕಬಹುದು, ಹುಡುಕಿದ್ದಕ್ಕೆಲ್ಲ ಬಿಲ್ ಆಗಬಹುದು. 'ಬಿಸಿಯಾದಾಗ ಒಂದೇ ಸಲ ಟಕ್ ಅನ್ನುತ್ತೆ, ದೀಪ ಮಂಕಾಗಲ್ಲ, ಬೇರೆ ಬ್ಯಾಟರಿ ಕೊಟ್ಟರೂ ಅಷ್ಟೆ' ಎಂದರೆ ಅವರ ಕೈ ನೇರ ಸೆಲ್ಫಿಗೆ ಹೋಗುತ್ತದೆ. ಹೊಸದು ಹಾಕಬೇಕೆ, ಇದ್ದದ್ದನ್ನೇ ಕಟ್ಟಿಸಬೇಕೆ ಎಂಬುದು ಬಿಚ್ಚಿದ ಮೇಲಿನ ಮಾತು. ಕಾರ್ಬನ್, ಬುಷ್, ಸೊಲೆನಾಯ್ಡಿನ ತಾಮ್ರ ಇಷ್ಟೇ ಸವೆದಿದ್ದರೆ ಅವನ್ನು ಬದಲಿಸಿ ವರ್ಷಗಟ್ಟಲೆ ಓಡಿಸಬಹುದು. ಪಂಪ್‌ಸೆಟ್ಟಿನ ಕೃಪೆಯಿಂದ ಮೋಟಾರ್ ಬಿಚ್ಚಿ ಕಟ್ಟುವ ಕೈಗಳಿಗೆ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಬರವಿಲ್ಲ. ಆರ್ಮೇಚರ್ ಸುಟ್ಟು ಕಪ್ಪಾಗಿದ್ದರೆ, ಕಮ್ಯುಟೇಟರ್ ಸವೆದು ತೆಳ್ಳಗಾಗಿದ್ದರೆ ಕಟ್ಟಿಸಿದ ಹಣ ಬಹಳ ದಿನ ಬಾಳುವುದಿಲ್ಲ, ಹೊಸದೇ ವಾಸಿ. ಯಾವುದನ್ನೇ ಮಾಡಿಸಿದರೂ ಬಿಚ್ಚಿ ತೆಗೆದ ಹಳೆಯ ತುಂಡುಗಳನ್ನು ಕೇಳಿ ನೋಡಬೇಕು, ಮತ್ತೆ ಕೂರಿಸಿದ ಮೇಲೆ ಬ್ಯಾಟರಿಗೆ ಮೀಟರ್ ಹಿಡಿದು ಒಮ್ಮೆ ತಣ್ಣಗಿದ್ದಾಗ, ಒಮ್ಮೆ ಊರ ಸುತ್ತ ಓಡಿಸಿ ಎಂಜಿನ್ ಚೆನ್ನಾಗಿ ಕಾದ ಮೇಲೆ ಸ್ಟಾರ್ಟ್ ಮಾಡಿಸಬೇಕು. ಎರಡು ಸಲವೂ ಮುಳ್ಳು 9.6ರ ಮೇಲೆಯೇ ನಿಂತರೆ ದುಡ್ಡು ಎಣಿಸಿ ಕೊಡಬಹುದು.